ವಿಷವನ್ನುಂಡು ಜೀರ್ಣಿಸಿಕೊಂಡ ಮಣ್ಣು

ಬೇಸಾಯದ ಚರಿತ್ರೆಯನ್ನು ಬರೆದವರು ನೇಗಿಲಿನ ವಿಚಾರವನ್ನು ಬರೆದಿದ್ದಾರೆ, ಕೆರೆ ಕಾಲುವೆಗಳ ವಿಚಾರವನ್ನು ಬರೆದಿದ್ದಾರೆ, ಬೀಜ ಗೊಬ್ಬರಗಳ ವಿಚಾರವನ್ನಂತೂ ಸಾಕುಬೇಕೆನ್ನುವಷ್ಟು ಬರೆದಿದ್ದಾರೆ. ಕಳೆಯ ವಿಚಾರವನ್ನು ಬರೆದವರು ಮಾತ್ರ ಕಡಮೆ. ಆದರೆ ಒಕ್ಕಲು ಮನೆತನದಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ ನೋಡಿ. ಬಿತ್ತಿದ್ದು ಮೊಳೆಯುವ ಮೊದಲೇ ಬಿತ್ತದ್ದು ಮೊಳೆತು ನಿಲ್ಲುತ್ತದೆ. ಎಡೆಕುಂಟೆ ಹೊಡೆದರೆ ಸಾಲುಗಳ ನಡುವಿನ ಕಳೆ ಹೋದೀತೇ ಹೊರತು ಸಾಲಿನೊಳಗಿನದು ಹೋಗದು. ಅದನ್ನು ಬಗ್ಗಿ ಕುಳಿತು ಒಂದೊಂದಾಗಿ ಕೀಳಬೇಕು. ಕೀಳುವವರು ಹೆಚ್ಚಾಗಿ ಹೆಣ್ಣುಮಕ್ಕಳು.

ಹೀಗೆ ಬಗ್ಗಿದ ಬೆನ್ನಿಗೆ ರಸಾಯನಶಾಸ್ತ್ರ ಒಂದು ಬಿಡುವನ್ನು ಕೊಟ್ಟಿತು. ಅದಕ್ಕೆ ಕಳೆನಾಶಕ ಎಂದು ಹೆಸರು. ಅದು ಬಂದ ಕಥೆ ಸ್ವಾರಸ್ಯವಾದದ್ದು. ಅದಕ್ಕಿಂತಲೂ ಸ್ವಾರಸ್ಯವಾದದ್ದು, ಮಣ್ಣಿಗೆ ಬಿದ್ದ ಮೇಲೆ ಅದು ಕರಗಿಹೋದ ಕಥೆ. ಹೊಲಕ್ಕೆ ಎರಚಿದ ವಿಷವೆಲ್ಲ ಕಳೆಯ ಎಲೆಯ ಮೇಲೆಯೇ ಬೀಳುವುದಿಲ್ಲ. ಬಹುಪಾಲು ನೆಲಕ್ಕೆ ಬೀಳುತ್ತದೆ. ವರ್ಷ ವರ್ಷವೂ ಬೀಳುತ್ತದೆ. ಬಿದ್ದದ್ದೆಲ್ಲ ಹಾಗೆಯೇ ಉಳಿಯುವುದಾಗಿದ್ದರೆ ಎಷ್ಟೋ ಹೊಲಗಳು ಇಷ್ಟು ಹೊತ್ತಿಗೆ ಬಂಜರಾಗಿರಬೇಕಾಗಿತ್ತು. ಆಗಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಕಂಡುಕೊಳ್ಳಲು ಮನುಷ್ಯನಿಗೆ ಅರ್ಧ ಶತಮಾನ ಹಿಡಿಯಿತು. ಕಂಡುಕೊಂಡ ಮೇಲೆ ಆ ಅರಿವನ್ನು ಅವನು ಯಾವುದಕ್ಕೆ ಬಳಸಿದ ಎನ್ನುವುದು ಇನ್ನೊಂದು ಕಥೆ. ಎರಡನ್ನೂ ಸ್ವಲ್ಪ ವಿವರವಾಗಿ ನೋಡೋಣ.

ಲಂಡನ್ನಿನ ಉತ್ತರಕ್ಕೆ ಹರ್ಟ್‌ಫರ್ಡ್‌ಷೈರ್ ಪ್ರಾಂತ್ಯದಲ್ಲಿ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರವಿದೆ. 1843ರಲ್ಲಿ ಆರಂಭವಾದ ಸಂಸ್ಥೆ ಅದು. 1940ರ ಸುಮಾರಿನಲ್ಲಿ ಅಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಕೆಲಸ ಮಾಡುತ್ತಿದ್ದವರು ಜೆರಾರ್ಡ್ ಥಾರ್ನ್‌ಟನ್ ಮತ್ತು ಫಿಲಿಪ್ ನಟ್‌ಮನ್. ಅವರೆ, ತೊಗರಿ, ಕಡಲೆ ಮೊದಲಾದ ದ್ವಿದಳ ಜಾತಿಯ ಗಿಡಗಳ ಬೇರನ್ನು ಕಿತ್ತು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವಷ್ಟೆ. ಆ ಗಂಟುಗಳೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಮನೆಮಾಡಿಕೊಂಡು, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಅದು ಬೇರಿನೊಳಗೆ ಹೊಗುವ ಮುನ್ನ ಬೇರಿನ ಕೂದಲುಗಳು ಸುರುಳಿ ಸುತ್ತಿಕೊಳ್ಳುತ್ತವೆ. ಹೀಗೆ ಸುರುಳಿ ಸುತ್ತಿಸುವ ವಸ್ತು ಗಿಡಗಳ ಬೆಳವಣಿಗೆಯ ಹಾರ್ಮೋನು, ಅಂದರೆ ಇಂಡೋಲ್ ಅಸೆಟಿಕ್ ಆಮ್ಲ, ಆಗಿರಬಹುದೇ ಎಂಬುದು ನಟ್‌ಮನ್ನರ ಸಂಶಯ. ಅವರು ಆ ಹಾರ್ಮೋನನ್ನು ಕ್ಲೋವರ್ ಎಂಬ ಮೇವಿನ ಗಿಡಕ್ಕೆ ಹಾಕಿ ನೋಡಿದಾಗ ಬೇರು ಬೆಳೆಯುವುದರ ಬದಲು ಕುಂಠಿತವಾಯಿತು. ಬೆಳೆಸುವ ವಸ್ತುವೇ ಪ್ರಮಾಣ ಮೀರಿದರೆ ಕೊಲ್ಲುತ್ತದೆ! ಯುದ್ಧಕಾಲ; ಆಹಾರದ ಅಭಾವ; ಕಳೆಗಳನ್ನು ಕೊಲ್ಲಲು ಇದನ್ನೇ ಬಳಸಿದರೇನು ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು.

ಆದರೆ ಒಂದು ತೊಡಕು ಎದುರಾಯಿತು. ಮಣ್ಣಿಗೆ ಹಾಕಿದ ಹಾರ್ಮೋನು ಉಳಿಯುತ್ತಿರಲಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಹುಬೇಗ ನಾಶಮಾಡಿಬಿಡುತ್ತಿದ್ದವು. ಜೀವರಸಾಯನಶಾಸ್ತ್ರಜ್ಞ ಜುಡಾ ಕ್ವಾಸ್ಟೆಲ್ ಅವರನ್ನೂ ಕೂಡಿಕೊಂಡ ರಾಥಮ್‌ಸ್ಟೆಡ್ ಬಳಗ, ಹಾರ್ಮೋನಿನ ಹಾಗೆಯೇ ವರ್ತಿಸುವ, ಆದರೆ ಮಣ್ಣಿನ ಬ್ಯಾಕ್ಟೀರಿಯಾದ ಬಾಯಿಗೆ ಅಷ್ಟು ಬೇಗ ತುತ್ತಾಗದ ಕೃತಕ ವಸ್ತುಗಳನ್ನು ಹುಡುಕತೊಡಗಿತು. ಸಿಕ್ಕ ವಸ್ತುಗಳಲ್ಲಿ ಮುಖ್ಯವಾದದ್ದು ಡೈಕ್ಲೋರೋಫಿನಾಕ್ಸಿ ಅಸೆಟಿಕ್ ಆಮ್ಲ. ಇಷ್ಟುದ್ದದ ಹೆಸರನ್ನು ರೈತರು ಎಲ್ಲಿ ನೆನಪಿಟ್ಟುಕೊಂಡಾರು? ಅದು 2,4-ಡಿ ಎಂದೇ ಲೋಕಪ್ರಸಿದ್ಧವಾಯಿತು. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ವಿಲಿಯಂ ಟೆಂಪಲ್‌ಮನ್ ಬಹುಮಟ್ಟಿಗೆ ಅದೇ ಕಾಲದಲ್ಲಿ, ಇಂಥ ವಸ್ತುಗಳು ಓಟ್ಸ್ ಪೈರನ್ನು ಬಿಟ್ಟು ಅದರ ನಡುವಿನ ಕಾಡುಸಾಸಿವೆಯನ್ನು ಮಾತ್ರ ಕೊಲ್ಲುವುದನ್ನು ಕಂಡಿದ್ದರು. ಅಟ್ಲಾಂಟಿಕ್‌ನ ಆಚೆಗೆ ಅಮೆರಿಕದಲ್ಲಿಯೂ ಸ್ವತಂತ್ರವಾಗಿ ಇದೇ ಶೋಧ ನಡೆಯಿತು. ಅಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಎಜ್ರಾ ಕ್ರಾಸ್ ಅವರ ಸಲಹೆಯಂತೆ, ಶತ್ರುವಿನ ಬೆಳೆಯನ್ನು ನಾಶಮಾಡಲು ಇದು ಬಂದೀತೇ ಎಂದು ಸೇನೆಯವರು ಪರೀಕ್ಷಿಸಿದರು. ಯುದ್ಧದ ಗುಟ್ಟಾದ್ದರಿಂದ ಬ್ರಿಟನ್ನಿನ ವಿವರಗಳು ಹೊರಬಿದ್ದದ್ದು 1945ರಲ್ಲಿ. ಆ ವರ್ಷವೇ 2,4-ಡಿ ಅಮೆರಿಕದ ಅಂಗಡಿಗಳಿಗೂ ಬಂತು.

ಹುಲ್ಲಿನ ಜಾತಿಯ ಪೈರನ್ನು ಉಳಿಸಿ, ಅಗಲ ಎಲೆಯ ಕಳೆಯನ್ನು ಮಾತ್ರ ಸುರುಟಿ ಸಾಯಿಸುವ ವಸ್ತು ಅದು. ಗೋಧಿ, ಮುಸುಕಿನ ಜೋಳ, ಭತ್ತ, ಕಬ್ಬು ಎಲ್ಲವೂ ಹುಲ್ಲಿನ ಕುಲದವೇ ಆದುದರಿಂದ ಅದಕ್ಕೆ ಬಂದ ಬೇಡಿಕೆಯನ್ನು ಹೇಳಬೇಕಾಗಿಲ್ಲ.

ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಜಗ್ಗದ ವಸ್ತು ಬೇಕೆಂದು ಹುಡುಕಿದವರು ಸೂಕ್ಷ್ಮಜೀವಿ ವಿಜ್ಞಾನಿಗಳು ಎಂಬುದನ್ನು ಮರೆಯಬಾರದು. ಅದು ಎಷ್ಟರಮಟ್ಟಿಗೆ ಜಗ್ಗಲಿಲ್ಲ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಲೆಸ್ಲಿ ಆಡಸ್ ಎಂಬ ಸಸ್ಯಶಾಸ್ತ್ರಜ್ಞರು. ಇವರ ವಿಚಾರವಾಗಿ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ರೇಡಾರ್ ಅಧಿಕಾರಿಯಾಗಿದ್ದ ಆಡಸ್ 1942ರಲ್ಲಿ ಜಾವಾ ದ್ವೀಪದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿದರು. ಸೆರೆಯ ಶಿಬಿರದಲ್ಲಿ ಅನ್ನವೇ ಆಹಾರ, ಅದೂ ಅರೆಹೊಟ್ಟೆಗೆ. ಜೀವಸತ್ವಗಳಿಲ್ಲದೆ ಸೈನಿಕರ ಕಣ್ಣು ಮಂಜಾಗತೊಡಗಿತು. ಆಡಸ್ ಅಲ್ಲಿ ಸಿಕ್ಕಿದ ಪಾತ್ರೆ ಪಡಗಗಳಲ್ಲಿಯೇ ಯೀಸ್ಟ್ ಬೆಳೆಸಿ ಸಹಬಂದಿಗಳಿಗೆ ಕುಡಿಸಿದರು. ಅವರನ್ನು ಹರುಕು ಎಂಬ ದ್ವೀಪಕ್ಕೆ ಸಾಗಿಸಿದ ಮೇಲೂ ಈ ಕೆಲಸವನ್ನು ಬಿಡಲಿಲ್ಲ. ಸೋಯಾ ಅವರೆಯನ್ನು ಬೂಷ್ಟಿನಿಂದ ಹುದುಗಿಸಿ ಜೀರ್ಣವಾಗುವಂತೆ ಮಾಡಿದರು. ಸೂಕ್ಷ್ಮಜೀವಿಯೊಂದು ತಿನ್ನಲಾಗದ್ದನ್ನು ತಿನ್ನುವಂತೆ ಮಾಡೀತು ಎಂಬುದನ್ನು ಈ ಮನುಷ್ಯ ಪುಸ್ತಕದಿಂದ ಕಲಿತವರಲ್ಲ. 2011ರಲ್ಲಿ ನೂರರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡರು.

ಯುದ್ಧ ಮುಗಿದ ಮೇಲೆ ಆಡಸ್ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅವರು ಬಳಸಿದ ಉಪಕರಣ ಕ್ವಾಸ್ಟೆಲ್ ಮತ್ತು ಹೊವರ್ಡ್ ಲೀಸ್ ಅವರು ರೂಪಿಸಿದ್ದು. ಶಿವಲಿಂಗದ ಮೇಲೆ ತೂಗುಹಾಕಿದ ಧಾರಾಪಾತ್ರೆಯನ್ನು ತಾವು ಕಂಡಿರುವಿರಿ. ಹೆಚ್ಚುಕಡಮೆ ಅದೇ ಬಗೆ. ಗಾಜಿನ ಕೊಳವೆಯೊಂದರಲ್ಲಿ ಹೊಲದ ಮಣ್ಣನ್ನು ತುಂಬಿ, ಮೇಲಿನಿಂದ ದ್ರಾವಣವನ್ನು ತೊಟ್ಟುತೊಟ್ಟಾಗಿ ಬೀಳಿಸುವುದು. ಕೆಳಗೆ ಇಳಿದದ್ದನ್ನು ಗಾಳಿಯ ಬಲದಿಂದ ಮತ್ತೆ ಮೇಲಕ್ಕೆ ಏರಿಸುವುದು. ದಿನಗಟ್ಟಲೆ ಹೀಗೆ ಸುತ್ತಿಸುತ್ತ ನಡುನಡುವೆ ಸ್ವಲ್ಪ ದ್ರಾವಣವನ್ನು ತೆಗೆದು ಅದರಲ್ಲಿ ವಿಷ ಎಷ್ಟು ಉಳಿದಿದೆ ಎಂದು ಅಳೆಯುವುದು. ಅಳತೆಗೋಲು ಯಾವುದು ಗೊತ್ತೇ? ನಮ್ಮಲ್ಲಿ ಬಾಣಂತಿಯರಿಗೆ ಕೊಡುವ ಆಳ್ವಿ ಬೀಜ. ಆ ದ್ರಾವಣದಲ್ಲಿ ಆಳ್ವಿಯ ಮೊಳಕೆಯ ಬೇರು ಎಷ್ಟು ಉದ್ದ ಬೆಳೆಯಿತು ಎಂಬುದರ ಮೇಲೆ ವಿಷದ ಲೆಕ್ಕ.

ಆಡಸ್ 1949ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು. ಮೊದಲು ಮಣ್ಣು ಸ್ವಲ್ಪ 2,4-ಡಿಯನ್ನು ತನಗೆ ಅಂಟಿಸಿಕೊಂಡಿತು. ಆಮೇಲೆ ಹಲವು ದಿನ ಏನೂ ನಡೆಯಲಿಲ್ಲ. ಮತ್ತೆ ಇದ್ದಕ್ಕಿದ್ದಂತೆ ವಿಷ ಕರಗುತ್ತ ಬಂದು ಪೂರ್ತಿ ಮಾಯವಾಯಿತು. ಅದೇ ಮಣ್ಣಿಗೆ ಎರಡನೆಯ ಸಲ 2,4-ಡಿ ಹಾಕಿದಾಗ ಕಾಯುವ ಕಾಲವೇ ಇರಲಿಲ್ಲ. ಹಾಕಿದ್ದೇ ತಡ, ಕರಗತೊಡಗಿತು. ಸೂಕ್ಷ್ಮಜೀವಿಗಳ ಉಸಿರು ಕಟ್ಟಿಸುವ ಸೋಡಿಯಂ ಅಜೈಡನ್ನು ಬೆರೆಸಿದರೆ ಎಲ್ಲವೂ ನಿಂತಿತು. ಅಂದಮೇಲೆ ಇದು ಬಿಸಿಲು ನೀರುಗಳ ಕೆಲಸವಲ್ಲ, ಜೀವವುಳ್ಳ ಯಾವುದೋ ಒಂದರ ಕೆಲಸ. ಮಾರನೆಯ ವರ್ಷ ಆಡಸ್ ಆ ಬ್ಯಾಕ್ಟೀರಿಯಾವನ್ನೇ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಐದಾರು ವರ್ಷಗಳ ಹಿಂದೆ ಮಾತ್ರ ಹೊಲಗಳಿಗೆ ಬಂದ ವಸ್ತು. ಅದನ್ನು ಉಂಡು ಬೆಳೆಯುವ ಜೀವಿ ಆಗಲೇ ಮಣ್ಣಿನಲ್ಲಿ ಕಾದು ಕುಳಿತಿತ್ತು. ಅಗಸ್ತ್ಯರು ವಾತಾಪಿಯನ್ನು ಹೊಟ್ಟೆಯಲ್ಲಿಯೇ ಅರಗಿಸಿಕೊಂಡ ಕಥೆ ಬಲ್ಲ ನಮಗೆ ಇದರ ಬೆರಗು ಬೇಗ ತಿಳಿಯುತ್ತದೆ.

ಅರಗಿಸುವ ಬಗೆ ಹೇಗೆ? 2,4-ಡಿಯ ಅಣುವೆಂದರೆ ಆರು ಇಂಗಾಲದ ಪರಮಾಣುಗಳ ಒಂದು ಉಂಗುರ. ಉಂಗುರದ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಒಂದೊಂದು ಕ್ಲೋರೀನ್. ಒಂದು ಕಡೆಗೆ ಆಮ್ಲಜನಕದ ಕೊಂಡಿಯಿಂದ ತಗುಲಿಕೊಂಡ ಎರಡು ಇಂಗಾಲದ ಬಾಲ. ಬ್ಯಾಕ್ಟೀರಿಯಾ ಮೊದಲು ಈ ಬಾಲವನ್ನು ಕಡಿಯುತ್ತದೆ. ಉಳಿಯುವುದು ಡೈಕ್ಲೋರೋಫಿನಾಲ್. ಇದು ಮೂಲ ವಸ್ತುವಿಗಿಂತ ಬ್ಯಾಕ್ಟೀರಿಯಾಕ್ಕೇ ಹೆಚ್ಚು ಅಪಾಯಕಾರಿ; ಆದುದರಿಂದ ಎರಡನೆಯ ಕಿಣ್ವ ತಡಮಾಡುವಂತಿಲ್ಲ. ಅದು ಉಂಗುರಕ್ಕೆ ಇನ್ನೊಂದು ಆಮ್ಲಜನಕವನ್ನು ಸೇರಿಸಿ ಉಂಗುರವನ್ನು ಸಡಿಲಗೊಳಿಸುತ್ತದೆ. ಮೂರನೆಯದು ಉಂಗುರವನ್ನು ಮುರಿದು ಬಿಚ್ಚುತ್ತದೆ. ಅಲ್ಲಿಂದ ಮುಂದೆ ಕ್ಲೋರೀನುಗಳು ಕ್ಲೋರೈಡಾಗಿ ಕಳಚಿಬೀಳುತ್ತವೆ. ಅಡುಗೆಯ ಉಪ್ಪಿನಲ್ಲಿರುವುದೂ ಅದೇ ಕ್ಲೋರೈಡು. ಉಳಿದ ಇಂಗಾಲ ಬ್ಯಾಕ್ಟೀರಿಯಾದ ನಿತ್ಯದ ಊಟದೊಂದಿಗೆ ಸೇರಿಹೋಗುತ್ತದೆ. ಬಾಲವನ್ನು ಕಡಿಯುವ ಮೊದಲ ಕಿಣ್ವದ ನಿಜವಾದ ಸ್ವರೂಪ ತಿಳಿದದ್ದು 1993ರಲ್ಲಿ. ಅಷ್ಟರವರೆಗೆ ಅದನ್ನು ಬೇರೆ ವರ್ಗದ ಕಿಣ್ವವೆಂದೇ ಎಣಿಸಿದ್ದರು.

ಈ ವಿದ್ಯೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಆಸ್ಟ್ರೇಲಿಯದ ಜಾನ್ ಪೆಂಬರ್ಟನ್. 1977ರಲ್ಲಿ ಅವರೂ ಅವರ ಸಹೋದ್ಯೋಗಿಯೂ ಪ್ರಕಟಿಸಿದ ಲೇಖನದಂತೆ, 2,4-ಡಿಯನ್ನು ಅರಗಿಸುವ ಸೂಚನೆಗಳಿರುವುದು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿ ಅಲ್ಲ. ಪ್ಲಾಸ್ಮಿಡ್ ಎಂಬ ಚಿಕ್ಕ ಬಿಡಿ ಬಳೆಯಲ್ಲಿ. ನೆರೆಮನೆಯವಳು ಕೇಳಿದರೆ ಗೃಹಿಣಿ ತನ್ನ ಅಡುಗೆಯ ಬಗೆಯನ್ನು ಬರೆದುಕೊಟ್ಟು ಮೂಲಪ್ರತಿಯನ್ನು ತಾನೇ ಇಟ್ಟುಕೊಳ್ಳುವುದಿಲ್ಲವೇ, ಹಾಗೆ ಬ್ಯಾಕ್ಟೀರಿಯಾ ಈ ಬಳೆಯ ನಕಲನ್ನು ಬೇರೆ ಕುಲದ ಬ್ಯಾಕ್ಟೀರಿಯಾಕ್ಕೂ ಕೊಟ್ಟುಬಿಡುತ್ತದೆ. ಪೆಂಬರ್ಟನ್ನರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಜೆಎಂಪಿ-134 ಎಂಬ ತಳಿ ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ಮಾದರಿಯಾಯಿತು. ಅದರ ಪ್ಲಾಸ್ಮಿಡ್ಡಿನ ಸುಮಾರು 88 ಸಾವಿರ ಅಕ್ಷರಗಳನ್ನು 2004ರಲ್ಲಿ ಪೂರ್ತಿಯಾಗಿ ಓದಿ ಮುಗಿಸಿದರು. ಬ್ಯಾಕ್ಟೀರಿಯಾದ ಹೆಸರನ್ನು ಮಾತ್ರ ಶಾಸ್ತ್ರಜ್ಞರು ಇಷ್ಟರಲ್ಲಿ ನಾಲ್ಕೈದು ಬಾರಿ ಬದಲಾಯಿಸಿದ್ದಾರೆ. ಆ ಗೋಜಿಗೆ ನಾವು ಹೋಗುವುದು ಬೇಡ.

ಆದರೆ ಮೊದಲು ಈ ವಿದ್ಯೆ ಬಂದದ್ದಾದರೂ ಎಲ್ಲಿಂದ? 1997ರಲ್ಲಿ ಜಪಾನ್, ಕೆನಡಾ, ಅಮೆರಿಕಗಳ ಸಂಶೋಧಕರು ಕಳೆನಾಶಕದ ಸೋಂಕೇ ಇಲ್ಲದ ನೆಲಗಳಿಂದಲೂ 2,4-ಡಿ ತಿನ್ನುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದರು. ಹವಾಯಿ ದ್ವೀಪದ ಜ್ವಾಲಾಮುಖಿಯ ಮಣ್ಣು ಅಂಥ ಒಂದು ನೆಲ. ನಿಧಾನವಾಗಿ ಬೆಳೆಯುವ, ಸ್ವಲ್ಪದರಲ್ಲೇ ತೃಪ್ತಿಪಡುವ ಜೀವಿಗಳು ಅವು. ಅವುಗಳಲ್ಲಿ ಕೆಲವು ಬ್ರಾಡಿರೈಜೋಬಿಯಂ ಕುಲಕ್ಕೆ ಸೇರಿದವು. ಅಂದರೆ ನಟ್‌ಮನ್ ಮತ್ತು ಥಾರ್ನ್‌ಟನ್ ಬೇರುಗಂಟುಗಳಲ್ಲಿ ಅಭ್ಯಸಿಸುತ್ತಿದ್ದ ಬ್ಯಾಕ್ಟೀರಿಯಾದ ಬಂಧುಗಳೇ! ಕ್ಲೋರೀನ್ ಸೇರಿದ ಉಂಗುರಗಳು ಮನುಷ್ಯನ ಕಾರ್ಖಾನೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಡೈಕ್ಲೋರೋಫಿನಾಲನ್ನು ತಯಾರಿಸುವ ಪೆನಿಸಿಲಿಯಂ ಬೂಷ್ಟು ಮಣ್ಣಿನಲ್ಲಿಯೇ ಇದೆ. ರಸಾಯನಶಾಸ್ತ್ರಜ್ಞ ಹೊಸದೆಂದು ಕಟ್ಟಿದ್ದು ಮಣ್ಣಿಗೆ ತೀರ ಹೊಸದಾಗಿರಲಿಲ್ಲ.

ಇಷ್ಟನ್ನು ಕೇಳಿದ ಮೇಲೆ, ಮಣ್ಣು ಏನನ್ನು ಬೇಕಾದರೂ ಅರಗಿಸಿಕೊಂಡೀತು, ನಾವು ನಿಶ್ಚಿಂತೆಯಾಗಿರಬಹುದು ಎಂದು ಅನ್ನಿಸುವುದು ಸಹಜ. ಅನ್ನಿಸಿಯೂ ಇತ್ತು. ಕೇಂಬ್ರಿಜ್ಜಿನ ಅರ್ನೆಸ್ಟ್ ಗೇಲ್, ದಹಿಸಲು ಸಾಧ್ಯವಾದ ಯಾವ ವಸ್ತುವನ್ನಾದರೂ ದಹಿಸಬಲ್ಲ ಜೀವಿ ಪ್ರಪಂಚದಲ್ಲಿ ಎಲ್ಲಿಯೋ ಒಂದು ಕಡೆ ಇದ್ದೇ ಇರುತ್ತದೆ ಎಂಬರ್ಥದ ಮಾತನ್ನು ಬರೆದಿದ್ದರು. ಸೂಕ್ಷ್ಮಜೀವಿ ಎಂದೂ ಸೋಲದು ಎಂಬ ಈ ನಂಬಿಕೆ ಹೆಚ್ಚುಕಡಮೆ ಒಂದು ಸಿದ್ಧಾಂತದ ಬಿರುದನ್ನೇ ಪಡೆಯಿತು. ಇದನ್ನು ನೇರವಾಗಿ ಪ್ರಶ್ನಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮಾರ್ಟಿನ್ ಅಲೆಗ್ಸಾಂಡರ್. ಮಣಿಯದ ಅಣುಗಳೂ ಇವೆ, ಸೋಲುವ ಸೂಕ್ಷ್ಮಜೀವಿಗಳೂ ಇವೆ ಎಂದು ಅವರು 1965ರಲ್ಲಿ ವಾದಿಸಿದರು. ಅವರ ವಾದಕ್ಕೆ ಒಳ್ಳೆಯ ನಿದರ್ಶನ 2,4-ಡಿಯ ಒಡಹುಟ್ಟಿದ ವಸ್ತುವೇ ಆಗಿತ್ತು.

ಅದರ ಹೆಸರು 2,4,5-ಟಿ. 2,4-ಡಿಗಿಂತ ಒಂದೇ ಒಂದು ಕ್ಲೋರೀನ್ ಹೆಚ್ಚು. ಆ ಒಂದೇ ಕ್ಲೋರೀನಿನ ದೆಸೆಯಿಂದ ಅದು ಮಣ್ಣಿನಲ್ಲಿ ವಾರಗಳ ಬದಲು ಅನೇಕ ತಿಂಗಳು ಉಳಿಯುತ್ತದೆ. ಇವೆರಡನ್ನೂ ಸಮಸಮವಾಗಿ ಬೆರೆಸಿದ ದ್ರವಕ್ಕೆ ಅಮೆರಿಕದ ಸೇನೆ ಇಟ್ಟ ಹೆಸರು ಏಜೆಂಟ್ ಆರೆಂಜ್. 1962ರಿಂದ 1971ರ ವರೆಗೆ ವಿಯೆಟ್ನಾಮಿನ ಕಾಡುಗಳ ಮೇಲೆ, ಗದ್ದೆಗಳ ಮೇಲೆ ವಿಮಾನಗಳಿಂದ ಸುರಿದ ಕಳೆನಾಶಕಗಳ ಒಟ್ಟು ಮೊತ್ತ ಏಳು ಕೋಟಿ ಲೀಟರನ್ನು ಮೀರುತ್ತದೆ. ಅದರಲ್ಲಿ ದೊಡ್ಡ ಪಾಲು ಇದೇ. 2,4,5-ಟಿಯನ್ನು ತಯಾರಿಸುವಾಗ ಬೇಡದೆ ಹುಟ್ಟಿಕೊಂಡು ಅದರಲ್ಲಿ ಉಳಿದುಹೋಗುತ್ತಿದ್ದ ಡಯಾಕ್ಸಿನ್ ಎಂಬ ಕಲ್ಮಷ ಇನ್ನೂ ಘೋರವಾದದ್ದು. ಹೊಲದ ಕಳೆಗೆಂದು ಹುಟ್ಟಿದ್ದು ಯಾರ ಯಾರ ಮೇಲೆ ಬಿತ್ತು ಎಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಈ ಹಂತದಲ್ಲಿ ನಮ್ಮ ದೇಶದವರೊಬ್ಬರು ಕಥೆಯೊಳಗೆ ಬರುತ್ತಾರೆ. ಬಂಗಾಳದ ಸಾಂಥಿಯಾದಲ್ಲಿ 1938ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಓದಿ, ಅಮೆರಿಕಕ್ಕೆ ಹೋದ ಆನಂದಮೋಹನ ಚಕ್ರವರ್ತಿ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಅವರು ಹಲವು ಪ್ಲಾಸ್ಮಿಡ್ಡುಗಳನ್ನು ಒಂದೇ ಬ್ಯಾಕ್ಟೀರಿಯಾದಲ್ಲಿ ಕೂಡಿಸಿ, ಕಚ್ಚಾ ಎಣ್ಣೆಯನ್ನು ತಿನ್ನುವ ತಳಿಯೊಂದನ್ನು ರೂಪಿಸಿದ್ದರು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೇ ಎಂಬ ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ವರೆಗೂ ಹೋಗಿ, 1980ರ ಜೂನ್ 16ರಂದು ಐದಕ್ಕೆ ನಾಲ್ಕು ಮತಗಳಿಂದ ಅವರ ಪರವಾಗಿ ತೀರ್ಮಾನವಾಯಿತು. ಇದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ಜನ ಬಲ್ಲದ್ದು ಅವರು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಅದರ ಬೆನ್ನಿಗೇ ಮಾಡಿದ ಕೆಲಸ. ರಾಸಾಯನಿಕ ಕಸದ ಗುಂಡಿಗಳಿಂದ ತಂದ ಬ್ಯಾಕ್ಟೀರಿಯಾಗಳನ್ನು, ಬೇರೆ ಬೇರೆ ಪ್ಲಾಸ್ಮಿಡ್ಡುಗಳುಳ್ಳ ಬ್ಯಾಕ್ಟೀರಿಯಾಗಳೊಂದಿಗೆ ಒಂದೇ ಪಾತ್ರೆಯಲ್ಲಿ ಕೂಡಿಹಾಕಿ, ತಿಂಗಳುಗಟ್ಟಲೆ ಸಾಕಿದರು. ಸುಲಭದ ಆಹಾರವನ್ನು ಮೆಲ್ಲಮೆಲ್ಲಗೆ ಕಡಮೆ ಮಾಡುತ್ತ, 2,4,5-ಟಿಯನ್ನು ಮೆಲ್ಲಮೆಲ್ಲಗೆ ಹೆಚ್ಚಿಸುತ್ತ ಹೋದರು. ಕೊನೆಗೆ 2,4,5-ಟಿಯನ್ನೇ ಏಕಮಾತ್ರ ಆಹಾರವಾಗಿ ಉಂಡು ಬೆಳೆಯುವ ಬ್ಯಾಕ್ಟೀರಿಯಾ ಸಿಕ್ಕಿತು. 1982ರಲ್ಲಿ ಅದರ ವಿವರ ಪ್ರಕಟವಾಯಿತು. ತಳಿಯ ಹೆಸರು ಎಸಿ-1100. ಅದನ್ನು ಪ್ರಯೋಗಶಾಲೆಯಲ್ಲಿ ವಿಷಗೂಡಿದ ಮಣ್ಣಿಗೆ ಬೆರೆಸಿದಾಗ ವಿಷದ ಬಹುಪಾಲು ಕೆಲವು ವಾರಗಳಲ್ಲಿ ಹೋಯಿತು. ವಿಷ ಮುಗಿದ ಮೇಲೆ ಬ್ಯಾಕ್ಟೀರಿಯಾದ ಸಂಖ್ಯೆಯೂ ತಾನಾಗಿಯೇ ಕುಸಿಯಿತು. ಉಣ್ಣಲು ಬೇರೆ ಇಲ್ಲದ ಅತಿಥಿಯ ಹಾಗೆ.

ಹಾಗಾದರೆ ಗೇಲ್ ಗೆದ್ದರೇ, ಅಲೆಗ್ಸಾಂಡರ್ ಸೋತರೇ? ನನಗೆ ಹಾಗೆ ತೋರುವುದಿಲ್ಲ. ಎಸಿ-1100 ಹುಟ್ಟಿದ್ದು ಮನುಷ್ಯನ ಪಾತ್ರೆಯಲ್ಲಿ, ಮನುಷ್ಯನ ತಾಳ್ಮೆಯಿಂದ. ವಿಯೆಟ್ನಾಮಿನ ಬಯಲಿನಲ್ಲಿ ಆ ಪಾತ್ರೆ ಇರಲಿಲ್ಲ. ಡಯಾಕ್ಸಿನ್ನಿಗೆ ಅದು ಮದ್ದೂ ಆಗಿರಲಿಲ್ಲ. ಏಜೆಂಟ್ ಆರೆಂಜನ್ನು ಶೇಖರಿಸಿಟ್ಟಿದ್ದ ಡಾ ನಾಂಗ್ ವಿಮಾನನಿಲ್ದಾಣದ ಮಣ್ಣನ್ನು ಕೊನೆಗೆ ಶುದ್ಧಿಮಾಡಿದ್ದು 2012ರಿಂದ 2018ರ ವರೆಗೆ. ಯುದ್ಧ ಮುಗಿದು ನಾಲ್ಕು ದಶಕ ಕಳೆದರೂ ವಿಷ ಅಲ್ಲಿಯೇ ಇತ್ತು. ಅಲ್ಲಿ ಬ್ಯಾಕ್ಟೀರಿಯಾವನ್ನು ಕರೆಯಲಿಲ್ಲ. ಮಣ್ಣನ್ನು ದೊಡ್ಡ ರಾಶಿಯಾಗಿ ಕಟ್ಟಿ, ಮುನ್ನೂರು ಡಿಗ್ರಿಗೂ ಹೆಚ್ಚಿನ ಕಾವಿನಲ್ಲಿ ಬೇಯಿಸಿದರು. ಸುಮಾರು 90 ಸಾವಿರ ಘನ ಮೀಟರ್ ಮಣ್ಣು.

ಇನ್ನು ಮೂರನೆಯ ವಸ್ತು ಆಟ್ರಜಿನ್. ನಮ್ಮ ಮುಸುಕಿನ ಜೋಳದ ಹೊಲಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಇದು ಅಪರಿಚಿತವಲ್ಲ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿ 1958ರಲ್ಲಿ ಇದನ್ನು ಬಳಕೆಗೆ ತಂದಿತು. ಗಿಡ ಬಿಸಿಲಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನೇ ಇದು ತಡೆಯುತ್ತದೆ. ಮುಸುಕಿನ ಜೋಳ ಮಾತ್ರ ಅದನ್ನು ತನ್ನೊಳಗೇ ನಿರ್ವಿಷಗೊಳಿಸಿಕೊಂಡು ಬದುಕುತ್ತದೆ. ಇದರ ಉಂಗುರದಲ್ಲಿ ಇಂಗಾಲ ಮೂರು, ಸಾರಜನಕ ಮೂರು, ಒಂದು ಬಿಟ್ಟು ಒಂದರಂತೆ. ಉಂಗುರದ ಇಂಗಾಲವನ್ನು ಸುಟ್ಟು ಶಕ್ತಿ ಪಡೆಯುವ ಹಾಗಿಲ್ಲ. ಅದು ಆಗಲೇ ಸುಟ್ಟ ಇದ್ದಲಿನ ಬೂದಿ ಇದ್ದ ಹಾಗೆ. ಮೂರು ದಶಕಗಳಿಗೂ ಹೆಚ್ಚು ಕಾಲ ಮಣ್ಣಿನಲ್ಲಿ ಇದರ ಕ್ಲೋರೀನ್ ಕಳಚುವುದು ಕೇವಲ ರಾಸಾಯನಿಕ ಕ್ರಿಯೆ, ಜೀವಿಗಳ ಪಾತ್ರ ಅದರಲ್ಲಿ ಅಲ್ಪ ಎಂದೇ ಪಂಡಿತರ ಅಭಿಪ್ರಾಯವಾಗಿತ್ತು.

ಆ ಅಭಿಪ್ರಾಯವನ್ನು ಕೆಡವಿದ್ದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಕಳೆನಾಶಕ ಚೆಲ್ಲಿ ಕೆಟ್ಟುಹೋಗಿದ್ದ ಒಂದು ಜಾಗದ ಮಣ್ಣು. ರಫಿ ಮಂಡೆಲ್‌ಬಾಮ್, ಲಾರೆನ್ಸ್ ವ್ಯಾಕೆಟ್ ಮೊದಲಾದವರು ಆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಸಾರಜನಕವೆಂದರೆ ಆಟ್ರಜಿನ್ ಒಂದೇ ಎನ್ನುವಂತೆ ಉಪವಾಸ ಹಾಕಿದರು. ಆಟ್ರಜಿನ್ ನೀರಿನಲ್ಲಿ ಬಹಳ ಸ್ವಲ್ಪವೇ ಕರಗುತ್ತದೆ. ಹೆಚ್ಚಾಗಿ ಬೆರೆಸಿದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯೆಲ್ಲ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಆ ಬಿಳಿಯ ನಡುವೆ ಒಂದು ಬಗೆಯ ಬ್ಯಾಕ್ಟೀರಿಯಾದ ಸುತ್ತ ತಿಳಿಯಾದ ಬಳೆಗಳು ಮೂಡಿದವು. ಅಷ್ಟು ಜಾಗದ ಆಟ್ರಜಿನ್ ಮುಗಿದಿತ್ತು. 1995ರಲ್ಲಿ ಪ್ರಕಟವಾದ ಆ ಬ್ಯಾಕ್ಟೀರಿಯಾಕ್ಕೆ ಸುಡೋಮೊನಾಸ್ ಎಡಿಪಿ ಎಂದು ಹೆಸರು. ಮೊದಲ ಕಿಣ್ವ ಕ್ಲೋರೀನನ್ನು ಕಿತ್ತು ಆ ಜಾಗಕ್ಕೆ ನೀರಿನ ಅಂಶವನ್ನು ಕೂಡಿಸುತ್ತದೆ. ಕಳೆಯನ್ನು ಕೊಲ್ಲುವ ಗುಣ ಅಲ್ಲಿಗೇ ಮುಗಿಯಿತು. ಮುಂದಿನ ಎರಡು ಕಿಣ್ವಗಳು ಬದಿಯ ಕೊಂಬೆಗಳನ್ನು ಕಡಿಯುತ್ತವೆ. ಕೊನೆಯ ಮೂರು ಉಂಗುರವನ್ನು ಒಡೆದು ಅಮೋನಿಯ, ಇಂಗಾಲಾಮ್ಲಗಳಾಗಿ ಮಾಡುತ್ತವೆ.

ಇದಕ್ಕಿಂತ ಹೆಚ್ಚು ಆಶ್ಚರ್ಯ ಮುಂದೆ ಕಾದಿತ್ತು. ಬೇರೆ ಬೇರೆ ಖಂಡಗಳಲ್ಲಿ ಸಿಕ್ಕಿದ ಆಟ್ರಜಿನ್ ಭಕ್ಷಕಗಳ ಜೀನುಗಳನ್ನು ಹೋಲಿಸಿದರೆ ನೂರಕ್ಕೆ ತೊಂಬತ್ತೊಂಬತ್ತರಷ್ಟು ಒಂದೇ ಆಗಿದ್ದವು. ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದರೆ ಇಷ್ಟು ಹೋಲಿಕೆ ಬರುವುದಿಲ್ಲ. ಒಂದೇ ಮೂಲದಿಂದ ಹೊರಟು, ಇತ್ತೀಚೆಗಷ್ಟೇ, ಪ್ರಪಂಚವನ್ನೆಲ್ಲ ಸುತ್ತಿರಬೇಕು. ಮೂಲ ಯಾವುದು? ಪ್ಲಾಸ್ಟಿಕ್ ತಟ್ಟೆ ಬಟ್ಟಲುಗಳಿಗೆ ಬಳಸುವ ಮೆಲಮೀನ್ ಎಂಬ ವಸ್ತುವನ್ನು ಅರಗಿಸುವ ಕಿಣ್ವವೊಂದು ಮೊದಲೇ ತಿಳಿದಿತ್ತು. ಆಟ್ರಜಿನ್ನಿನ ಮೊದಲ ಕಿಣ್ವವನ್ನು ಅದರ ಪಕ್ಕಕ್ಕಿಟ್ಟು 2001ರಲ್ಲಿ ನೋಡಿದರು. ಎರಡೂ 475 ಅಮೈನೋ ಆಮ್ಲಗಳ ಸರಗಳು. ವ್ಯತ್ಯಾಸವಿದ್ದದ್ದು ಒಂಬತ್ತರಲ್ಲಿ ಮಾತ್ರ! ಆದರೂ ಮೆಲಮೀನಿನ ಕಿಣ್ವ ಆಟ್ರಜಿನ್ನನ್ನು ಮುಟ್ಟದು, ಆಟ್ರಜಿನ್ನಿನ ಕಿಣ್ವ ಮೆಲಮೀನನ್ನು ಮುಟ್ಟದು. 475 ಮಣಿಗಳ ಸರದಲ್ಲಿ ಒಂಬತ್ತು ಮಣಿಗಳು ಬದಲಾದದ್ದರಿಂದ ಒಂದು ವಿಷಕ್ಕೆ ಮದ್ದು ಹುಟ್ಟಿತು. 2,4-ಡಿಯ ವಿಷಯದಲ್ಲಿ ಮಣ್ಣು ಹಳೆಯ ವಿದ್ಯೆಯನ್ನೇ ಹೊರತೆಗೆದಿತ್ತು. ಇಲ್ಲಿ ನಮ್ಮ ಕಣ್ಣೆದುರಿಗೇ ಹೊಸ ವಿದ್ಯೆಯನ್ನು ಕಲಿತ ಹಾಗೆ ಕಾಣುತ್ತದೆ.

ಈ ಕಲಿಕೆಯಿಂದ ಲಾಭ ಯಾರಿಗೆ ಎಂಬುದು ಮಾತ್ರ ಅಷ್ಟು ಸರಳವಾದ ಪ್ರಶ್ನೆಯಲ್ಲ. ದಕ್ಷಿಣ ಡಕೋಟಾದಲ್ಲಿ ಆಟ್ರಜಿನ್ ಚೆಲ್ಲಿದ್ದ ನೆಲವೊಂದರಲ್ಲಿ, ಈ ಕಿಣ್ವವನ್ನು ತುಂಬಿಸಿ ಆಮೇಲೆ ಕೊಂದ ಬ್ಯಾಕ್ಟೀರಿಯಾಗಳನ್ನು ಮಣ್ಣಿಗೆ ಬೆರೆಸಿ ನೋಡಿದರು. ಎಂಟು ವಾರಗಳಲ್ಲಿ ವಿಷದಲ್ಲಿ ನೂರಕ್ಕೆ 52ರಷ್ಟು, ಜೊತೆಗೆ ರಂಜಕದ ಗೊಬ್ಬರವನ್ನೂ ಕೊಟ್ಟ ಕಡೆ 77ರಷ್ಟು ಕರಗಿತೆಂದು 2000ದಲ್ಲಿ ವರದಿಯಾಯಿತು. ಇದು ಲಾಭವೇ ಸರಿ. ಆದರೆ ಅದೇ ದಶಕದಲ್ಲಿ ಕೊಲೊರಾಡೊ, ಮಿಸಿಸಿಪ್ಪಿ ರಾಜ್ಯಗಳ ರೈತರ ಹೊಲಗಳಲ್ಲಿ ಇನ್ನೊಂದು ಕಂಡುಬಂತು. ವರ್ಷ ವರ್ಷವೂ ಆಟ್ರಜಿನ್ ಹಾಕುತ್ತ ಬಂದ ನೆಲದಲ್ಲಿ, ತಿಂಗಳುಗಟ್ಟಲೆ ಇರಬೇಕಾದ ವಿಷ ದಿನಗಳಲ್ಲಿ ಮುಗಿದು, ಕಳೆ ಮತ್ತೆ ತಲೆಯೆತ್ತುತ್ತಿತ್ತು. ದುಡ್ಡು ಕೊಟ್ಟು ತಂದದ್ದನ್ನು ಕಳೆಗೆ ತಾಗುವ ಮೊದಲೇ ಮಣ್ಣು ಉಣ್ಣುತ್ತಿತ್ತು. ಇತ್ತ ಮಣ್ಣಿನ ಮೇಲ್ಪದರದ ಹಸಿದ ಬಾಯಿಗಳನ್ನು ತಪ್ಪಿಸಿಕೊಂಡು ಕೆಳಗೆ ಇಳಿದ ಆಟ್ರಜಿನ್ನಿನದು ಬೇರೆಯೇ ಪಾಡು. ಅಂತರ್ಜಲದಲ್ಲಿ ಬ್ಯಾಕ್ಟೀರಿಯಾ ವಿರಳ, ಅವುಗಳಿಗೆ ಬೇಕಾದ ಬೇರೆ ಆಹಾರವೂ ವಿರಳ. ಅಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಮೈಕ್ರೋಗ್ರಾಮಿನ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬ ಯೂರೋಪಿನ ಮಿತಿಯನ್ನು ಅದು ಅಲ್ಲಲ್ಲಿ ಮೀರಿತು. ಜರ್ಮನಿ 1991ರಲ್ಲಿಯೂ, ಯೂರೋಪಿನ ಒಕ್ಕೂಟ 2004ರಲ್ಲಿಯೂ ಅದನ್ನು ಕೈಬಿಟ್ಟವು. ಹೊಲದಲ್ಲಿ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ, ಬಾವಿಯಲ್ಲಿ ಬೇಡವೆಂದರೂ ಹೋಗುವುದಿಲ್ಲ. ಎರಡು ದೂರುಗಳೂ ಒಂದೇ ವಸ್ತುವಿನ ಮೇಲೆ.

ಬ್ಯಾಕ್ಟೀರಿಯಾದ ವಿದ್ಯೆಗೆ ಮನುಷ್ಯ ಕೊನೆಗೆ ಹುಡುಕಿದ ಉಪಯೋಗ ಯಾವುದೆಂದು ಕೇಳಿದರೆ ತಮಗೆ ವಿಚಿತ್ರವೆನಿಸಬಹುದು. ಬಾಲ ಕಡಿಯುವ ಆ ಮೊದಲ ಕಿಣ್ವದ ಜೀನನ್ನು ಗಿಡದೊಳಗೆ ಇಟ್ಟರೆ 2,4-ಡಿ ಆ ಗಿಡವನ್ನು ಕೊಲ್ಲದು ಎಂಬುದನ್ನು 1989ರಲ್ಲಿಯೇ ಹೊಗೆಸೊಪ್ಪಿನಲ್ಲಿ ತೋರಿಸಿದ್ದರು. ಆಗ ಅದು ಪ್ರಯೋಗಶಾಲೆಯ ಮಾತು. ಇಪ್ಪತ್ತೈದು ವರ್ಷಗಳ ಅನಂತರ, 2014ರಲ್ಲಿ, ಡೌ ಕಂಪನಿಯ ಮುಸುಕಿನ ಜೋಳ ಮತ್ತು ಸೋಯಾ ತಳಿಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅವುಗಳೊಳಗೆ ಇರುವುದು ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಪಡೆದ ಅದೇ ಬಗೆಯ ಜೀನುಗಳು. ಬೇರೊಂದು ಕಳೆನಾಶಕವಾದ ಗ್ಲೈಫೊಸೇಟಿಗೆ ಕಳೆಗಳು ಬಗ್ಗದೆ ಹೋದುದರಿಂದ, ಎಪ್ಪತ್ತು ವರ್ಷ ಹಳೆಯ 2,4-ಡಿಯನ್ನು ಪೈರಿನ ಮೇಲೆಯೇ ಧಾರಾಳವಾಗಿ ಎರಚಲು ಅನುಕೂಲವಾಗಲೆಂದು ಮಾಡಿದ ಏರ್ಪಾಡು ಅದು. ವಿಷವನ್ನು ಇಲ್ಲವಾಗಿಸುವುದಕ್ಕೆ ಹುಟ್ಟಿದ ಕಿಣ್ವ, ವಿಷವನ್ನು ಹೆಚ್ಚು ಹೊಡೆಯುವುದಕ್ಕೆ ಪರವಾನಗಿಯಾಯಿತು.

ಆ ಪರವಾನಗಿ ಬರುವುದಕ್ಕೆ ಐದು ವರ್ಷ ಮೊದಲೇ, 2009ರಲ್ಲಿ, ನೆಬ್ರಾಸ್ಕ ರಾಜ್ಯದ ಹೊಲವೊಂದರಲ್ಲಿ 2,4-ಡಿಗೆ ಜಗ್ಗದ ಕಳೆಯೊಂದು ಕಾಣಿಸಿಕೊಂಡಿತ್ತು. ಅದು ವಾಟರ್‌ಹೆಂಪ್, ನಮ್ಮ ದಂಟಿನ ಸೊಪ್ಪಿನ ಕುಲದ್ದು. ಅದು ಹೇಗೆ ಬದುಕಿತೆಂದು ಪರೀಕ್ಷಿಸಿದವರಿಗೆ ಸಿಕ್ಕಿದ ಉತ್ತರ: 2,4-ಡಿ ತನ್ನನ್ನು ಕೊಲ್ಲುವ ಮೊದಲೇ ಅದನ್ನು ತನ್ನ ಎಲೆಯೊಳಗೇ ಅರಗಿಸಿಕೊಳ್ಳುವ ಬಗೆ ಆ ಗಿಡಕ್ಕೆ ಸಿದ್ಧಿಸಿತ್ತು.